ವಿಮಾನಕ್ಕೆ ಒಂದು ಗಂಟೆ, ನಮಗೆ ಎಷ್ಟು ಗಂಟೆ?

ನಮ್ಮೂರಿನ ವಾಟ್ಸ್ಯಾಪ್ ಗುಂಪಿಗೆ ಆಗಾಗ ಒಂದು ಚಿತ್ರ ಬರುತ್ತದೆ. ಮೇಲೆ ವಿಮಾನ, ಕೆಳಗೆ ತಾವರೆ ಆಕಾರದ ಟರ್ಮಿನಲ್, ನಡುವೆ ದಪ್ಪ ಅಕ್ಷರದಲ್ಲಿ 'ಶಿವಮೊಗ್ಗದಿಂದ ಬೆಂಗಳೂರಿಗೆ ಇನ್ನು ಒಂದೇ ಗಂಟೆ!' ಅದರ ಕೆಳಗೆ ಇಪ್ಪತ್ತು ಜನ ಕೈ ಮುಗಿಯುತ್ತಾರೆ. ಹಾಗೆ ಕೈ ಮುಗಿದವರಲ್ಲಿ ಹದಿನೆಂಟು ಜನ ಇವತ್ತಿಗೂ ವಿಮಾನದ ಮೆಟ್ಟಿಲು ಹತ್ತಿಲ್ಲ.

ನನಗೆ ವಿಮಾನದ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಆ 'ಒಂದೇ ಗಂಟೆ' ಎಂಬ ಮಾತಿನ ಮೇಲೆ. ಭಾಷಣದಲ್ಲಿ, ಫ್ಲೆಕ್ಸಿನಲ್ಲಿ, ಚುನಾವಣೆಯ ಕರಪತ್ರದಲ್ಲಿ ಅದನ್ನು ಕೇಳಿ ಕೇಳಿ ನಾವೂ ಅದೇ ಲೆಕ್ಕ ಹೇಳಲು ಕಲಿತಿದ್ದೇವೆ. ಆ ಒಂದು ಗಂಟೆ ಯಾರದು? ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ? ಇದನ್ನು ಯಾರೂ ಕೇಳಲಿಲ್ಲ. ನಾನು ಪತ್ರಿಕೋದ್ಯಮ ಓದುವಾಗ ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: 'ದೂರ ಬರೆಯೋವಾಗ ಎಲ್ಲಿಂದ ಎಲ್ಲಿಗೆ ಅಂತ ಬರೀರಿ. ಇಲ್ಲದಿದ್ದರೆ ಅದು ಸುದ್ದಿ ಅಲ್ಲ, ಜಾಹೀರಾತು.' ಇವತ್ತು ಆ ಮಾತನ್ನೇ ಹಿಡಿದು ಲೆಕ್ಕ ಹಾಕೋಣ.

ದೂರ ಎಲ್ಲಿಂದ ಎಲ್ಲಿಗೆ?

ಮೊಬೈಲಿನಲ್ಲಿ 'ಶಿವಮೊಗ್ಗ ಬೆಂಗಳೂರು ವಿಮಾನ ದೂರ' ಅಂತ ಹುಡುಕಿದರೆ ಒಂದು ಅಂಕಿ ಬರುತ್ತದೆ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್. ಹಗ್ಗ ಕಟ್ಟಿ ಎಳೆದಂತೆ ನೇರ. ರಸ್ತೆಯಲ್ಲಿ ಶಿವಮೊಗ್ಗ ಪೇಟೆಯಿಂದ ಬೆಂಗಳೂರು ಪೇಟೆಗೆ ಸುಮಾರು 300 ಕಿಲೋಮೀಟರ್, ರೈಲಿನಲ್ಲಿ ಸುಮಾರು 275.

ಈ ಮಾರ್ಗಕ್ಕೆ ಬಂದದ್ದು ಎರಡು ರೆಕ್ಕೆಗೆ ಎರಡು ಫ್ಯಾನ್ ಇರುವ ಎಟಿಆರ್ ವಿಮಾನ. ಎಂಬತ್ತರ ಒಳಗೆ ಸೀಟು. ಮೇಲೆ ಹೋದ ಮೇಲೆ ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. 240ನ್ನು 500ರಿಂದ ಭಾಗಿಸಿದರೆ ಅರ್ಧ ಗಂಟೆಯೂ ಆಗುವುದಿಲ್ಲ. ಆದರೂ ಟಿಕೆಟಿನಲ್ಲಿ ಒಂದು ಗಂಟೆ, ಒಂದು ಗಂಟೆ ಹತ್ತು ನಿಮಿಷ ಅಂತ ಇರುತ್ತದೆ. ಯಾಕೆಂದರೆ ಟಿಕೆಟಿನ ಸಮಯ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಇನ್ನೊಂದು ಕಡೆ ಬಂದು ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಮೇಲೇರುವುದು, ಬೆಂಗಳೂರಿನ ಮೇಲೆ ಬೇರೆ ವಿಮಾನಗಳಿದ್ದರೆ ಸುತ್ತುವುದು, ಇಳಿದು ಮತ್ತೆ ಉರುಳುವುದು, ಎಲ್ಲವೂ ಅದರಲ್ಲೇ ಸೇರಿದೆ.

ಅಂದರೆ ವಿಮಾನಕ್ಕೇ ಗೊತ್ತು, ಹಾರುವುದಷ್ಟೇ ಪ್ರಯಾಣವಲ್ಲ ಅಂತ. ತನ್ನ ಉರುಳಾಟದ ಹೊತ್ತನ್ನೂ ಅದು ಲೆಕ್ಕಕ್ಕೆ ಹಿಡಿದಿದೆ. ಲೆಕ್ಕಕ್ಕೆ ಬರದೆ ಉಳಿದದ್ದು ನಮ್ಮ ಉರುಳಾಟ ಮಾತ್ರ.

ವಿಮಾನ ನಿಲ್ದಾಣದೊಳಗೆ ಯಾರೂ ಮನೆ ಮಾಡಿಕೊಂಡಿಲ್ಲ. ರನ್‌ವೇ ತುದಿಯಲ್ಲಿ ಆಸ್ಪತ್ರೆ ಇಲ್ಲ, ಕೋರ್ಟು ಇಲ್ಲ, ಮಗಳ ಹಾಸ್ಟೆಲ್ ಇಲ್ಲ. ಎರಡು ನಿಲ್ದಾಣದ ನಡುವಿನ ದೂರ ವಿಮಾನದ ದೂರ. ಹೊಸ್ತಿಲಿನಿಂದ ಕೆಲಸದ ಬಾಗಿಲಿಗೆ ಇರುವುದು ಮನುಷ್ಯರ ದೂರ. ಇವೆರಡನ್ನೂ ಒಂದೇ ಎಂದು ನಂಬಿಸಿದ್ದೇ ಈ ಜಾಹೀರಾತಿನ ಜಾಣತನ.

ದೊಡ್ಡಪ್ಪನ ಒಂದು ಗಂಟೆ

ನಮ್ಮ ಊರು ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಸೇತುವೆ ಆದ ಮೇಲಿನ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನನ್ನು ಎದೆ ತೋರಿಸಲು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ತುರ್ತಾಗಿರಲಿಲ್ಲ, ಆದರೆ ಸಾಗರದ ಡಾಕ್ಟರು 'ತಡ ಮಾಡಬೇಡಿ' ಅಂದಿದ್ದರು. ಬೆಂಗಳೂರಿನಲ್ಲಿರುವ ಅಳಿಯ, 'ಮಾವನಿಗೆ ಬಸ್ಸಿನ ಕುಲುಕಾಟ ಬೇಡ, ಒಂದೇ ಗಂಟೆಯಲ್ಲಿ ಬಂದುಬಿಡ್ತಾರೆ' ಅಂತ ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ಮಾಡಿಸಿದ. ಪ್ರೀತಿಯಿಂದಲೇ ಮಾಡಿಸಿದ. ಸಿಕ್ಕಿದ್ದು ಮಧ್ಯಾಹ್ನದ ವಿಮಾನ.

ಆ ದಿನ ನಾನು ಗಡಿಯಾರ ನೋಡುತ್ತಾ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡೆ.

ಮನೆಯಿಂದ ಸಾಗರಕ್ಕೆ 75 ನಿಮಿಷ.

ಸಾಗರದಿಂದ ಶಿವಮೊಗ್ಗಕ್ಕೆ 110 ನಿಮಿಷ.

ಶಿವಮೊಗ್ಗ ಬಸ್ ನಿಲ್ದಾಣದಿಂದ ಸೋಗಾನೆಗೆ ಆಟೋದಲ್ಲಿ 30 ನಿಮಿಷ.

ನಿಲ್ದಾಣದಲ್ಲಿ ತಪಾಸಣೆ, ಚೀಟಿ, ಕಾಯುವುದು 90 ನಿಮಿಷ. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ. ನಮ್ಮ ಕಡೆಯ ಬಸ್ಸನ್ನು ನಂಬಿ ಬರುವವರು ಅದಕ್ಕೂ ಅರ್ಧ ಗಂಟೆ ಮುಂಚೆ ಇರಲೇಬೇಕು.

ವಿಮಾನದಲ್ಲಿ 70 ನಿಮಿಷ.

ಬೆಂಗಳೂರಿನಲ್ಲಿ ಇಳಿದು ಹೊರಗೆ ಬರಲು 25 ನಿಮಿಷ.

ದೇವನಹಳ್ಳಿಯಿಂದ ಊರಿನ ಇನ್ನೊಂದು ತುದಿಯ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ 120 ನಿಮಿಷ.

ಕೂಡಿಸಿ ನೋಡಿ. 520 ನಿಮಿಷ. ಎಂಟು ಗಂಟೆ ನಲವತ್ತು ನಿಮಿಷ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವರು ಮಧ್ಯಾಹ್ನ ಮೂರೂ ನಲವತ್ತಕ್ಕೆ ಆಸ್ಪತ್ರೆಯ ಗೇಟಿನಲ್ಲಿದ್ದೆವು. ಹೊಸ ಚೀಟಿ ಬೆಳಿಗ್ಗೆಯೇ ಮುಗಿದಿತ್ತು. 'ನಾಳೆ ಬನ್ನಿ' ಅಂದರು. ಅವರದೇನೂ ತಪ್ಪಿಲ್ಲ, ಅಷ್ಟು ಜನ ಅಲ್ಲಿಗೆ ಬರುತ್ತಾರೆ.

ಇನ್ನು ರೈಲಿನ ಲೆಕ್ಕ. ತಾಳಗುಪ್ಪದಿಂದ ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲಿದೆ. ಸಂಜೆ ಊರು ಬಿಟ್ಟು, ಸಾಗರ ಜಂಬಗಾರು ನಿಲ್ದಾಣದಲ್ಲಿ ಹತ್ತಿ, ಕಟ್ಟಿಕೊಂಡು ಬಂದ ಬುತ್ತಿ ಉಂಡು ಮಲಗಿದರೆ ಬೆಳಕು ಹರಿಯುವ ಮೊದಲೇ ಬೆಂಗಳೂರು. ಅಲ್ಲಿಂದ ಮೆಟ್ರೊದಲ್ಲಿ ಹೋಗಿ ಚೀಟಿಯ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲಬಹುದಿತ್ತು. ವಿಮಾನ ಹತ್ತಿದ್ದರಿಂದ ನಮಗೆ ಉಳಿದದ್ದು ಏನೂ ಇಲ್ಲ. ಹೋದದ್ದು ಒಂದು ಹಗಲು, ಒಂದು ರಾತ್ರಿಯ ತಂಗುವ ಖರ್ಚು, ಟಿಕೆಟಿನ ಸಾವಿರಾರು ರೂಪಾಯಿ.

ವಾಪಸ್ ಬರುವಾಗ ಇನ್ನೊಂದು ಪಾಠ ಆಯಿತು. ವಿಮಾನ ಶಿವಮೊಗ್ಗದ ಮೇಲೆ ಬಂತು, ಸುತ್ತಿತು, ಮೋಡ ಸರಿಯಲಿಲ್ಲ, ತಿರುಗಿ ಬೆಂಗಳೂರಿಗೇ ಹೋಗಿ ಇಳಿಯಿತು. ಹತ್ತಿದ ಜಾಗದಲ್ಲೇ ಇಳಿದೆವು. ಪೈಲಟ್ ಮಾಡಿದ್ದು ಸರಿ, ಜೀವಕ್ಕಿಂತ ಹೊತ್ತು ದೊಡ್ಡದಲ್ಲ. ಆದರೆ ಮಲೆನಾಡಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಮೋಡ, ಮಂಜು ಇರುತ್ತದೆ ಅನ್ನುವುದನ್ನು 'ಒಂದೇ ಗಂಟೆ' ಎನ್ನುವ ಫ್ಲೆಕ್ಸ್ ಯಾಕೆ ಹೇಳುವುದಿಲ್ಲ? ರಾತ್ರಿ ಬಸ್ಸಿನಲ್ಲೇ ಊರಿಗೆ ಬಂದೆವು. ಬಸ್ಸು ಇಳಿದಾಗ ದೊಡ್ಡಪ್ಪ ಹೇಳಿದ್ದು ಇಷ್ಟು: 'ಮಗಾ, ಆಕಾಶದಲ್ಲಿ ಇದ್ದಿದ್ದಕ್ಕಿಂತ ನೆಲದ ಮೇಲೆ ಕಾದಿದ್ದೇ ಹೆಚ್ಚಾತಲ್ಲೆ.'

ಪೇಟೆಯವರಿಗಾದರೂ ಉಳಿಯಿತೇ?

'ನಿಮ್ಮದು ಹಿನ್ನೀರಿನ ಆಚೆಯ ಊರು, ನಿಮ್ಮನ್ನು ಲೆಕ್ಕಕ್ಕೆ ಹಿಡಿದರೆ ಹೇಗೆ?' ಅಂತ ಕೇಳಬಹುದು. ಸರಿ, ಶಿವಮೊಗ್ಗ ಪೇಟೆಯ ನಡುವೆ ಮನೆ ಇರುವವರನ್ನೇ ತೆಗೆದುಕೊಳ್ಳೋಣ. ಅದೇ ಆಸ್ಪತ್ರೆಗೆ ಹೋಗುವವರು.

ವಿಮಾನದಲ್ಲಾದರೆ ಸೋಗಾನೆಗೆ 30, ಕಾಯಲು 90, ಹಾರಲು 70, ಹೊರಬರಲು 25, ಆಸ್ಪತ್ರೆಗೆ 120. ಒಟ್ಟು 335 ನಿಮಿಷ.

ಬೆಳಗಿನ ಜನಶತಾಬ್ದಿ ರೈಲಿನಲ್ಲಾದರೆ ನಿಲ್ದಾಣಕ್ಕೆ 20, ಕಾಯಲು 20, ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ ಅಂದರೆ 270, ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ 45. ಒಟ್ಟು 355 ನಿಮಿಷ.

ವ್ಯತ್ಯಾಸ ಇಪ್ಪತ್ತು ನಿಮಿಷ. ಪೇಟೆಯ ನಡುವೆ ಮನೆ ಇದ್ದು, ಆಟೋ ಕೂಡಲೇ ಸಿಕ್ಕಿ, ವಿಮಾನ ಹೊತ್ತಿಗೆ ಸರಿಯಾಗಿ ಹೊರಟು, ಹೆಬ್ಬಾಳದ ಟ್ರಾಫಿಕ್ ದಯೆ ತೋರಿದರೆ ಉಳಿಯುವುದು ಇಪ್ಪತ್ತು ನಿಮಿಷ. ಹೆಬ್ಬಾಳದಲ್ಲಿ ಒಂದು ಸಲ ಸಿಕ್ಕಿಕೊಂಡರೆ ಅದೂ ಹೋಯಿತು. ನಿಮ್ಮ ಕೆಲಸ ಯಲಹಂಕದಲ್ಲೋ ದೇವನಹಳ್ಳಿಯಲ್ಲೋ ಇದ್ದರೆ ವಿಮಾನವೇ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗುವವರಲ್ಲಿ ಎಷ್ಟು ಜನರ ಕೆಲಸ ವಿಮಾನ ನಿಲ್ದಾಣದ ಪಕ್ಕದಲ್ಲಿದೆ?

ರೈಲು ಒಂದೇ ಸಲಕ್ಕೆ ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು ಹೋಗುತ್ತದೆ. ಎಟಿಆರ್ ಹೊರುವುದು ಎಂಬತ್ತರೊಳಗೆ. ಇಷ್ಟಾದರೂ ಬೀರೂರಿನಿಂದ ಶಿವಮೊಗ್ಗಕ್ಕೆ ಬರುವ ದಾರಿ ಒಂಟಿ ಹಳಿಯದ್ದು. ಎದುರಿನ ರೈಲು ಬರುವವರೆಗೆ ಇನ್ನೊಂದು ರೈಲು ನಿಂತು ಕಾಯಬೇಕು. ಆ ಕಾಯುವ ಹೊತ್ತನ್ನು ತೆಗೆದು ಹಾಕಿದರೆ ಸಾವಿರ ಜನರಿಗೆ ಹೊತ್ತು ಉಳಿಯುತ್ತದೆ. ಆದರೆ ಎರಡನೇ ಹಳಿಗೆ ಯಾರೂ ತಾವರೆ ಆಕಾರ ಕೊಡಲಾರರು, ಅದರ ಮುಂದೆ ನಿಂತು ಸೆಲ್ಫಿ ತೆಗೆಯಲಾರರು. ನನಗೆ ಕಾಣುವ ಕಾರಣ ಅದೊಂದೇ.

ಇದು ಶಿವಮೊಗ್ಗದ ಸಮಸ್ಯೆ ಮಾತ್ರವಲ್ಲ. ಬೆಂಗಳೂರು ಮತ್ತು ಮೈಸೂರು ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 155 ಕಿಲೋಮೀಟರ್. ಅಲ್ಲಿ ವಿಮಾನ ಒಂದಲ್ಲ, ಹಲವು ಸಲ ಶುರುವಾಗಿ ನಿಂತಿದೆ. ಯಾಕೆ ನಿಲ್ಲಬಾರದು ಹೇಳಿ? ಮೆಜೆಸ್ಟಿಕ್‌ನಲ್ಲಿ ಇರುವವನು ದೇವನಹಳ್ಳಿ ತಲುಪಿ, ತಪಾಸಣೆ ಮುಗಿಸಿ, ವಿಮಾನದ ಬಾಗಿಲು ಹಾಕುವಷ್ಟರಲ್ಲಿ ರೈಲು ಹತ್ತಿದವನು ಮೈಸೂರಿನಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ಫ್ರಾನ್ಸ್ ದೇಶದಲ್ಲಿ ಇದಕ್ಕೊಂದು ಕಾನೂನೇ ಇದೆ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಕಡೆ ವಿಮಾನ ಬೇಡ ಅಂತ 2023ರಲ್ಲಿ ಜಾರಿಗೆ ತಂದರು. ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಹೋಗುತ್ತಿದ್ದ ಮೂರು ಮಾರ್ಗಗಳಿಗೆ ಅದು ತಟ್ಟಿತು. ನಮ್ಮಲ್ಲಿ ಅಂಥ ಕಾನೂನು ಬೇಕು ಅಂತ ನಾನು ಹೇಳುತ್ತಿಲ್ಲ. ಅವರು ಲೆಕ್ಕ ಹಾಕಿದರು, ನಾವು ಹಾಕಲಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

ಅದೇ ದುಡ್ಡಿನ ಸೇತುವೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಶಿವಮೊಗ್ಗ ವಿಮಾನ ನಿಲ್ದಾಣವನ್ನು 2023ರ ಫೆಬ್ರುವರಿ 27ರಂದು ಪ್ರಧಾನಿಯವರು ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕರ ವಿಮಾನ ಬಂತು. ಖರ್ಚು ಸುಮಾರು 450 ಕೋಟಿ ರೂಪಾಯಿ.

ಅದೇ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ಆಯಿತು. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಕಟ್ಟಿದ ಸಿಗಂದೂರು ಸೇತುವೆ. ಉದ್ದ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ. 2025ರ ಜುಲೈ 14ರಂದು ಅದು ತೆರೆಯಿತು. ಖರ್ಚು ಸುಮಾರು 470 ಕೋಟಿ ರೂಪಾಯಿ.

ಹೆಚ್ಚು ಕಡಿಮೆ ಒಂದೇ ದುಡ್ಡು, ಒಂದೇ ಜಿಲ್ಲೆ. ಎರಡಕ್ಕೂ ರಾಜಕೀಯದವರು ಶ್ರೇಯಸ್ಸು ಹಂಚಿಕೊಂಡರು, ತೆಗೆದುಕೊಳ್ಳಲಿ. ಆದರೆ ಹೊಸ್ತಿಲ ಲೆಕ್ಕದಲ್ಲಿ ಎರಡನ್ನೂ ತೂಗಿ ನೋಡಿ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ನಮ್ಮ ಹಿರಿಯರ ಗದ್ದೆ, ಮನೆ, ದಾರಿ ಎಲ್ಲ ಮುಳುಗಿತು. ರಾಜ್ಯಕ್ಕೆ ಕರೆಂಟು ಹೋಯಿತು, ನಮಗೆ ಉಳಿದದ್ದು ಲಾಂಚ್. ಲಾಂಚ್ ಹೊರಡುವ ಹೊತ್ತಿಗೆ ಸರಿಯಾಗಿ ಹೊಳೆಬಾಗಿಲಿನಲ್ಲಿ ಇರಬೇಕು. ಜಾತ್ರೆಯ ದಿನ, ರಜೆಯ ದಿನ ವಾಹನಗಳ ಸಾಲು ಮುಗಿಯುವುದೇ ಇಲ್ಲ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಈ ದಡ ಈ ದಡವೇ, ಆ ದಡ ಆ ದಡವೇ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡಿನ ಸುತ್ತು ದಾರಿ ಹಿಡಿಯಬೇಕು, ಇಲ್ಲವೇ ಬೆಳಗಾಗಲಿ ಅಂತ ದೇವರಿಗೆ ಕೈ ಮುಗಿಯಬೇಕು. ನಮ್ಮ ಅಜ್ಜಿ ಹೇಳುತ್ತಿದ್ದಳು, ನಮ್ಮೂರಲ್ಲಿ ಕಾಯಿಲೆ ಕೂಡ ಲಾಂಚ್ ಟೈಮ್ ನೋಡಿಕೊಂಡು ಬರಬೇಕು ಅಂತ.

ಸೇತುವೆ ಆದ ಮೇಲೆ ಆ ನೀರು ದಾಟಲು ಬೇಕಾದದ್ದು ಕೆಲವು ನಿಮಿಷ. ರಾತ್ರಿ ಎರಡು ಗಂಟೆಗಾದರೂ ಆಂಬುಲೆನ್ಸ್ ಬರಬಹುದು. ಕಾಲೇಜಿಗೆ ಹೋಗುವ ಹುಡುಗಿ ಕೊನೆಯ ಲಾಂಚ್ ತಪ್ಪಿತು ಅಂತ ಅಳಬೇಕಿಲ್ಲ. ಅಡಿಕೆ ಸಾಗಿಸುವವನು ಇಡೀ ದಿನ ದಡದಲ್ಲಿ ಕೂರಬೇಕಿಲ್ಲ. ಇಲ್ಲಿ ಉಳಿದದ್ದು ಇಪ್ಪತ್ತು ನಿಮಿಷವಲ್ಲ, ಗಂಟೆಗಳು. ಕೆಲವರಿಗೆ ಜೀವ.

ಇದಕ್ಕೆ ನಾವು ಕಾದದ್ದು ಅರವತ್ತು ವರ್ಷ. ಶಂಕುಸ್ಥಾಪನೆ ಆದ ಮೇಲೂ ಏಳು ವರ್ಷ. ಅದೇ ಜಿಲ್ಲೆಯ ರನ್‌ವೇ ಅಷ್ಟರಲ್ಲಿ ಸಿದ್ಧವಾಗಿ, ಉದ್ಘಾಟನೆಯಾಗಿ, ವಿಮಾನವೂ ಹಾರಿತ್ತು. ಯಾವುದು ಮೊದಲು ಆಗಬೇಕಿತ್ತು? ಈ ಪ್ರಶ್ನೆಗೆ ಉತ್ತರ ಹೇಳಲು ಎಂಜಿನಿಯರ್ ಬೇಕಾಗಿಲ್ಲ. ಹೊಳೆಬಾಗಿಲಿನಲ್ಲಿ ಒಂದು ರಾತ್ರಿ ಕಳೆದವರು ಸಾಕು.

ಸೇತುವೆ ಆದರೂ ನಮ್ಮ ಲೆಕ್ಕ ಮುಗಿದಿಲ್ಲ. ನಮ್ಮೂರಿಗೆ ಸಂಜೆಯ ಮೇಲೆ ಬಸ್ಸಿಲ್ಲ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಆದರೆ ಅದು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ, ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಸಾಗರದಿಂದ ನಮ್ಮ ಕಡೆಗೆ ರಾತ್ರಿ ಎಂಟಕ್ಕೆ ಒಂದು ಬಸ್ಸು ಬಿಟ್ಟರೆ ನಮ್ಮ ಹೊಸ್ತಿಲಿಗೆ ಬೆಂಗಳೂರು ಹತ್ತಿರವಾಗುತ್ತದೆ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಆ ಬಸ್ಸಿದ್ದರೆ ಬೆಂಗಳೂರಿನಿಂದ ಮಧ್ಯಾಹ್ನ ಹೊರಟವರು ಅದೇ ರಾತ್ರಿ ಮನೆ ಸೇರುತ್ತಾರೆ. ಇಲ್ಲದಿದ್ದರೆ ಸಾಗರದಲ್ಲಿ ನೆಂಟರ ಮನೆ ಹುಡುಕಬೇಕು.

ವಿಮಾನ ಬೇಕಾದ ಕಡೆ

'ಹಾಗಾದರೆ ನಿಮಗೆ ಅಭಿವೃದ್ಧಿಯೇ ಬೇಡವೇ? ವಿಮಾನ ನಿಲ್ದಾಣ ಮುಚ್ಚಬೇಕೇ?' ಅಂತ ಗುಂಪಿನಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಬೇಡ, ಮುಚ್ಚಬೇಡಿ. ಕಟ್ಟಿದ್ದಾಗಿದೆ, ಅದು ಜನರ ದುಡ್ಡು. ಶಿವಮೊಗ್ಗದಿಂದ ಹೈದರಾಬಾದಿಗೆ ನೇರ ದೂರ ಸುಮಾರು 480 ಕಿಲೋಮೀಟರ್. ರಸ್ತೆಯಲ್ಲಿ ಹೋದರೆ ಒಂದು ರಾತ್ರಿ ಸಾಲದು. ಅಲ್ಲಿಗೆ ವಿಮಾನ ಹತ್ತಿದರೆ ಹೊಸ್ತಿಲ ಲೆಕ್ಕದಲ್ಲೂ ಹೊತ್ತು ಉಳಿಯುತ್ತದೆ. ದೂರ ಹೆಚ್ಚಿದಷ್ಟೂ ವಿಮಾನಕ್ಕೆ ಅರ್ಥ ಬರುತ್ತದೆ, ಕಡಿಮೆಯಾದಷ್ಟೂ ಅದು ಬರೀ ಶೋಕಿ.

ಇದೇ ಮಾತನ್ನು ಕಲ್ಯಾಣ ಕರ್ನಾಟಕಕ್ಕೆ ಇಟ್ಟು ನೋಡಿ. ಬೆಂಗಳೂರಿನಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 460 ಕಿಲೋಮೀಟರ್, ಬೀದರಿಗೆ ಸುಮಾರು 520. ವಂದೇ ಭಾರತ್ ರೈಲಿನಲ್ಲಿ ಹೋದರೂ ಕಲಬುರಗಿಗೆ ಎಂಟು ಗಂಟೆಗೆ ಮೇಲೆ, ಬೇರೆ ರೈಲಾದರೆ ರಾತ್ರಿ ಪೂರ್ತಿ. ರಾಜ್ಯದ ರಾಜಧಾನಿ ಅಷ್ಟು ದೂರ ಇರುವ ಜನಕ್ಕೆ ವಿಮಾನ ಶೋಕಿಯಲ್ಲ, ಹಕ್ಕು. ಅಲ್ಲಿ ಆಗಿರುವುದು ಏನು? ಬೀದರಿಗೆ 2020ರ ಫೆಬ್ರುವರಿಯಲ್ಲಿ ವಿಮಾನ ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಬೆಳಿಗ್ಗೆ ಎದ್ದು ಇವತ್ತು ವಿಮಾನ ಇದೆಯೋ ಇಲ್ಲವೋ ಅಂತ ವಿಚಾರಿಸಬೇಕಾದ ಊರಿಗೆ 'ಒಂದೂಕಾಲು ಗಂಟೆ' ಅನ್ನುವ ಮಾತಿಗೆ ಏನು ಬೆಲೆ? ಹಾರದ ವಿಮಾನದ ಪ್ರಯಾಣಕ್ಕೆ ಗಂಟೆಯ ಲೆಕ್ಕವೇ ಇಲ್ಲ.

ಇದಕ್ಕೆ ಕಾರಣ ಯೋಜನೆಯ ಒಳಗೇ ಇದೆ. 'ಉಡಾನ್' ಯೋಜನೆಯಲ್ಲಿ ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್ 27ರಂದು, ಶಿಮ್ಲಾದಿಂದ ದೆಹಲಿಗೆ. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತ ಆಗ ಪ್ರಚಾರ ಆಯಿತು. ಆ ದರ ವಿಮಾನದ ಎಲ್ಲ ಸೀಟಿಗೂ ಅಲ್ಲ, ಒಂದು ಪಾಲಿಗೆ ಮಾತ್ರ. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುವುದು ಮೂರು ವರ್ಷ. ಆಮೇಲೆ ಕಂಪನಿ ತನ್ನ ಕಾಲ ಮೇಲೆ ನಿಲ್ಲಬೇಕು. ನಿಂತಿತೇ? ದೇಶದ ಲೆಕ್ಕ ನೋಡುವ ಸಿಎಜಿ 2023ರ ವರದಿಯಲ್ಲಿ ಹೇಳಿದ್ದು ಇದು: ಯೋಜನೆಯ ಮೂರನೇ ಹಂತದವರೆಗೆ ಮಂಜೂರಾದ ಮಾರ್ಗ 774. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರ್ತಿ ನಡೆದದ್ದು 112. ಸಹಾಯ ನಿಂತ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು ಬರೀ 54.

ನೂರು ಬೀಜ ಬಿತ್ತಿ ಏಳು ಗಿಡ ಉಳಿದರೆ ನಮ್ಮೂರಿನ ರೈತ ಆ ಬೀಜದ ಅಂಗಡಿಗೆ ಮತ್ತೆ ಕಾಲಿಡುವುದಿಲ್ಲ. ಇಲ್ಲಿ ಮಾತ್ರ ಹೊಸ ಹೊಸ ನಿಲ್ದಾಣದ ಫ್ಲೆಕ್ಸ್ ಏಳುತ್ತಲೇ ಇವೆ. ವಿಮಾನ ನಿಜಕ್ಕೂ ಬೇಕಾದ ಕಲಬುರಗಿ, ಬೀದರಿನಂಥ ಕಡೆ ಅದು ನಿಲ್ಲದಂತೆ ನೋಡಿಕೊಳ್ಳುವವರಿಲ್ಲ. ರೈಲು, ಬಸ್ಸಿನಲ್ಲಿ ಅಷ್ಟೇ ಹೊತ್ತಿಗೆ ತಲುಪುವ ಕಡೆ 'ಒಂದೇ ಗಂಟೆ' ಅಂತ ಸಂಭ್ರಮ. ಎರಡೂ ಕಡೆ ತಪ್ಪು ಒಂದೇ. ಯಾರ ಹೊತ್ತು ಎಷ್ಟು ಉಳಿಯುತ್ತದೆ ಅಂತ ಯಾರೂ ಅಳೆಯಲಿಲ್ಲ.

ಹೊಸ್ತಿಲ ಗಡಿಯಾರ

ಹಾಗಾದರೆ ಕೇಳಬೇಕಾದದ್ದು ಏನು? ನನ್ನ ಪಟ್ಟಿ ಚಿಕ್ಕದು.

ಒಂದು. ಯಾವುದೇ ವಿಮಾನ ನಿಲ್ದಾಣ, ಹೆದ್ದಾರಿ, ರೈಲು ಯೋಜನೆಯ ವರದಿಯಲ್ಲಿ ಆ ಜಿಲ್ಲೆಯ ಅತಿ ದೂರದ ಹತ್ತು ಹಳ್ಳಿಗಳ ಹೆಸರು ಹಾಕಲಿ. ಆ ಹಳ್ಳಿಯ ಮನೆಯಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಈಗ ಎಷ್ಟು ಹೊತ್ತು, ಯೋಜನೆ ಮುಗಿದ ಮೇಲೆ ಎಷ್ಟು ಹೊತ್ತು ಅಂತ ಬರೆಯಲಿ. ಗ್ರಾಮಸಭೆಯಲ್ಲಿ ಓದಲಿ.

ಎರಡು. ನಿಲ್ದಾಣ ಇರುವ ಜಿಲ್ಲೆಯಲ್ಲಿ ಪ್ರತಿ ತಾಲೂಕು ಕೇಂದ್ರದಿಂದ ವಿಮಾನದ ಹೊತ್ತಿಗೆ ಹೊಂದುವ ಸರ್ಕಾರಿ ಬಸ್ಸು ಇರಲಿ. ನಾನೂರೈವತ್ತು ಕೋಟಿಯ ನಿಲ್ದಾಣಕ್ಕೆ ಹೋಗಲು ಆಟೋದವರ ಜೊತೆ ಚೌಕಾಸಿ ಮಾಡುವುದು ನಾಚಿಕೆಯ ಮಾತು.

ಮೂರು. ಬೀರೂರು ಮತ್ತು ಶಿವಮೊಗ್ಗದ ನಡುವೆ ಎರಡನೇ ಹಳಿ ಬೇಗ ಆಗಲಿ. ಹಗಲು ಇನ್ನಷ್ಟು ರೈಲು ಓಡಲಿ, ಅವು ತಾಳಗುಪ್ಪದವರೆಗೂ ಬರಲಿ.

ನಾಲ್ಕು. ಐನೂರು ಕಿಲೋಮೀಟರ್ ಆಸುಪಾಸಿನ ದೂರವಿರುವ ಕಲಬುರಗಿ, ಬೀದರಿಗೆ ರಾಜ್ಯವೇ ಹೊಣೆ ಹೊತ್ತು, ವರ್ಷವಿಡೀ ನಿಲ್ಲದ ವಿಮಾನ ಓಡಿಸಲಿ. ಬೆಳಿಗ್ಗೆ ಬೆಂಗಳೂರಿಗೆ ಬಂದು, ಕೆಲಸ ಮುಗಿಸಿ, ಸಂಜೆ ವಾಪಸ್ ಹೋಗುವಂಥ ಹೊತ್ತಿನಲ್ಲಿ ಓಡಿಸಲಿ.

ಐದು. ಊರಿಗೆ ಕೊನೆಯ ಬಸ್ಸು. ಇದನ್ನು ಮೊದಲು ಬರೆಯಬೇಕಿತ್ತು. ವಿಧಾನಸೌಧದ ದೂರ ಅಳೆಯುವುದಕ್ಕಿಂತ ಮುಂಚೆ ತಾಲೂಕು ಆಸ್ಪತ್ರೆಯ ದೂರ ಅಳೆಯಿರಿ.

ಈಗ ಒಂದು ಕೆಲಸ ನಿಮಗೆ. ಮುಂದಿನ ಸಲ ಬೆಂಗಳೂರಿಗೋ, ಜಿಲ್ಲಾ ಆಸ್ಪತ್ರೆಗೋ, ಮಗನ ಕಾಲೇಜಿಗೋ ಹೋಗುವಾಗ ಹೊಸ್ತಿಲು ದಾಟಿದ ಹೊತ್ತು ಮೊಬೈಲಿನಲ್ಲಿ ಬರೆದುಕೊಳ್ಳಿ. ಬಸ್ಸಿಗೆ ಕಾದ ಹೊತ್ತು, ಇನ್ನೊಂದು ಬಸ್ಸಿಗೆ ಬದಲಾದ ಹೊತ್ತು, ಸಾಲಿನಲ್ಲಿ ನಿಂತ ಹೊತ್ತು ಎಲ್ಲ ಬರೆಯಿರಿ. ಕೆಲಸದ ಬಾಗಿಲು ಮುಟ್ಟಿದ ಹೊತ್ತು ಬರೆದು ಕೂಡಿಸಿ. ಅದು ನಿಮ್ಮೂರಿನ ನಿಜವಾದ ದೂರ. ಅದನ್ನು ನಿಮ್ಮ ಊರಿನ ಗುಂಪಿಗೆ ಹಾಕಿ, ನಿಮ್ಮ ಪಂಚಾಯಿತಿ ಸದಸ್ಯರಿಗೆ ಕಳಿಸಿ.

ಆಮೇಲೆ ವೇದಿಕೆಯ ಮೇಲೆ ಯಾರಾದರೂ ನಿಂತು 'ಒಂದೇ ಗಂಟೆ' ಅಂದರೆ, ಚಪ್ಪಾಳೆ ತಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ. 'ಸ್ವಾಮಿ, ಎಲ್ಲಿಂದ ಎಲ್ಲಿಗೆ?'